ಹಳೆಯ ಲಾರಿಯ ಡೀಸೆಲ್ ಪಂಪ್, ಉಳಿದಿದ್ದ ಮೂರು ತಿಂಗಳ ವಾರಂಟಿ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಲಾರಿ ಮಾಲೀಕರು, ಅವರ ಊರು, ಲಾರಿ ತಯಾರಿಸಿದ ಕಂಪನಿ, ಅದನ್ನು ಮಾರಿದ ಹಳೆಯ ಗಾಡಿಗಳ ಯಾರ್ಡು, ರಿಪೇರಿ ಮಾಡಿದ ಸರ್ವಿಸ್ ಸೆಂಟರ್ ಯಾವುದರ ಹೆಸರನ್ನೂ ಇಲ್ಲಿ ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಾಲೀಕರ ಒಪ್ಪಿಗೆ ಪಡೆದು, ಅವರಿಗೆ ಓದಿ ಹೇಳಿದ ಮೇಲೆಯೇ ಇದನ್ನು ಹೊರಗೆ ಕೊಡುತ್ತಿದ್ದೇನೆ. ನಾನು ಹತ್ತೊಂಬತ್ತು ವರ್ಷ ಡೀಸೆಲ್ ಪಂಪ್ ಮತ್ತು ನಾಜಲ್‌ಗಳ ಅಳತೆ ಸರಿಪಡಿಸುವ (ಕ್ಯಾಲಿಬ್ರೇಷನ್) ಕೆಲಸ ಮಾಡಿದವನು. ಈಗ ಲಾರಿ ಮಾಲೀಕರು ಕಂಪನಿಗಳ ಜೊತೆ ನಡೆಸುವ ವಾರಂಟಿ ಪತ್ರವ್ಯವಹಾರದಲ್ಲಿ ನೆರವಾಗುತ್ತೇನೆ. ನಾನು ವಕೀಲನಲ್ಲ. ಕಾನೂನಿನ ಮಾತು ಬಂದಲ್ಲಿ ಈ ಪ್ರಕರಣಕ್ಕೆ ಎಷ್ಟು ಬೇಕಾಯಿತೋ ಅಷ್ಟನ್ನು ಮಾತ್ರ ಹೇಳುತ್ತೇನೆ.

ಹಿನ್ನೆಲೆ

ಮಾಲೀಕರಿಗೆ ಆಗ ನಲವತ್ತಮೂರು ವರ್ಷ. ಇಪ್ಪತ್ತು ವರ್ಷ ಬೇರೆಯವರ ಲಾರಿ ಓಡಿಸಿ, ಹೆಂಡತಿಯ ಒಡವೆ ಅಡವಿಟ್ಟು, ಉಳಿದದ್ದಕ್ಕೆ ಫೈನಾನ್ಸ್ ಮಾಡಿಸಿ, 2023ರ ಜುಲೈನಲ್ಲಿ ಮೊದಲ ಬಾರಿಗೆ ಸ್ವಂತ ಲಾರಿ ಕೊಂಡರು. ಅದು ಆರು ಚಕ್ರದ, ನಾಲ್ಕು ಸಿಲಿಂಡರಿನ ಬಿಎಸ್-6 (ಹೊಗೆಯ ಮಾಲಿನ್ಯಕ್ಕೆ ಸರ್ಕಾರ ಹಾಕಿದ ಮಿತಿಯ ಆರನೇ ಹಂತ) ಡೀಸೆಲ್ ಲಾರಿ. 2021ರ ಫೆಬ್ರವರಿಯಲ್ಲಿ ನೋಂದಣಿಯಾಗಿತ್ತು. ಮೊದಲ ಮಾಲೀಕರು ಕಂತು ಕಟ್ಟಲಾರದೆ ಬಿಟ್ಟ ಗಾಡಿ ಫೈನಾನ್ಸಿನವರ ಕೈಯಿಂದ ಯಾರ್ಡಿಗೆ ಬಂದಿತ್ತು. ಮೀಟರಿನಲ್ಲಿ 1,38,000 ಕಿ.ಮೀ. ಇತ್ತು, ಬೆಲೆ 13.5 ಲಕ್ಷ ರೂಪಾಯಿ, ತಿಂಗಳ ಕಂತು 31,500 ರೂಪಾಯಿ. ಕೋಲಾರದ ಮಾರುಕಟ್ಟೆಯಿಂದ ಚೆನ್ನೈನ ಕೊಯಂಬೇಡಿಗೆ ಟೊಮೆಟೊ ಸಾಗಿಸುವುದು, ಬರುವಾಗ ಖಾಲಿ ಕ್ರೇಟುಗಳನ್ನು ತುಂಬಿಕೊಂಡು ಬರುವುದು ಅವರ ದುಡಿಮೆ. ಗಾಡಿಯನ್ನು ಅವರೇ ಓಡಿಸುತ್ತಿದ್ದರು, ಕ್ಲೀನರಾಗಿ ಅಕ್ಕನ ಮಗ ಜೊತೆಗಿದ್ದ. ಈ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ, ಅದು ಮುಂದೆ ಕಾನೂನಿನ ಲೆಕ್ಕಕ್ಕೆ ಬರುತ್ತದೆ.

ಹೊಸದಾಗಿ ಮಾರಿದಾಗ ಕಂಪನಿ ಈ ಲಾರಿಗೆ ಮೂರು ವರ್ಷ ಅಥವಾ ಮೂರು ಲಕ್ಷ ಕಿ.ಮೀ., ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ವಾರಂಟಿ ಕೊಟ್ಟಿತ್ತು. ಅಂದರೆ 2024ರ ಫೆಬ್ರವರಿವರೆಗೆ ಅವಧಿ ಇತ್ತು. ಯಾರ್ಡಿನವರು ವಾಟ್ಸ್ಆಪ್‌ನಲ್ಲಿ "ಕಂಪನಿ ವಾರಂಟಿ ಇನ್ನೂ ಇದೆ ಅಣ್ಣಾ, ಏನೇ ಆದ್ರೂ ಷೋರೂಮಿಗೆ ಬಿಡಿ, ನಾನು ಮಾತಾಡ್ತೀನಿ" ಎಂದು ಬರೆದು ಕಳಿಸಿದ್ದರು. ಮಾರಾಟದ ಕರಾರಿನಲ್ಲಿ ಮಾತ್ರ "ಇದ್ದ ಹಾಗೆ, ಇದ್ದ ಸ್ಥಿತಿಯಲ್ಲಿ" ಎಂಬ ಸಾಲಿತ್ತು. ಸರ್ವಿಸ್ ಪುಸ್ತಕ ಕಳೆದುಹೋಗಿದೆ ಎಂದರು. ಮೂವತ್ತು ದಿನದೊಳಗೆ ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಟ್ಟು ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡ ಮಾಲೀಕರು, ಎಲ್ಲವೂ ಸರಿಯಾಯಿತೆಂದು ನಂಬಿದರು. ಆರ್‌ಸಿ ಬದಲಾದ ಸಂಗತಿ ಕಂಪನಿಗೆ ತಾನಾಗಿ ಗೊತ್ತಾಗುವುದಿಲ್ಲ ಎಂಬುದು ಅವರಿಗೆ ತಿಳಿದಿರಲಿಲ್ಲ. ಹಳೆಯ ಗಾಡಿ ಕೊಳ್ಳುವವರಲ್ಲಿ ಬಹುಪಾಲು ಜನಕ್ಕೆ ಇದು ತಿಳಿದಿರುವುದಿಲ್ಲ.

ಘಾಟಿಯಲ್ಲಿ ನಿಂತ ಗಾಡಿ

2023ರ ನವೆಂಬರ್ ನಡುವಿನ ಒಂದು ರಾತ್ರಿ, ಚಿತ್ತೂರು ದಾಟಿ ಪಲಮನೇರಿನ ಕಡೆಗೆ ಮೊಗಿಲಿ ಘಾಟಿ ಹತ್ತುವಾಗ ಗಾಡಿಯ ಪಿಕಪ್ ಬಿದ್ದುಹೋಯಿತು. ಖಾಲಿ ಕ್ರೇಟಿನಂಥ ಹಗುರ ಲೋಡಿನಲ್ಲೂ ಎರಡನೇ ಗೇರಿನಿಂದ ಮೇಲೇಳಲಿಲ್ಲ. ಎಂಜಿನ್ ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಎಂಜಿನ್ ನಿಂತಿತು. ಮೀಟರಿನಲ್ಲಿ 1,57,600 ಕಿ.ಮೀ. ಇತ್ತು. ದಾರಿಬದಿಯ ಮೆಕ್ಯಾನಿಕ್ ಒಬ್ಬರು ಬಂದು, ಏರ್ ಹಿಡಿದಿರಬೇಕೆಂದು ಡೀಸೆಲ್ ಫಿಲ್ಟರ್ ಬಿಚ್ಚಿ, ಡೀಸೆಲಿನಿಂದ ನೀರನ್ನು ಬೇರ್ಪಡಿಸುವ ವಾಟರ್ ಸೆಪರೇಟರಿನ ಬಟ್ಟಲಿನಲ್ಲಿದ್ದುದನ್ನು ಕೆಳಗೆ ಬಿಟ್ಟು, ಕೈಪಂಪಿನಿಂದ ಡೀಸೆಲ್ ಎಳೆದರು. ಎಂಜಿನ್ ಸ್ಟಾರ್ಟ್ ಆಗಿ ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಕ್ಲೀನರ್ ಹುಡುಗ, ಯಾರೂ ಹೇಳದಿದ್ದರೂ, ಬಟ್ಟಲಿನಿಂದ ಬಿದ್ದ ಡೀಸೆಲನ್ನು ಒಂದು ನೀರಿನ ಬಾಟಲಿಯಲ್ಲಿ ಹಿಡಿದಿಟ್ಟುಕೊಂಡಿದ್ದ.

ಮರುದಿನ ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಹತ್ತಿರದ ಅಧಿಕೃತ ಸರ್ವಿಸ್ ಸೆಂಟರಿಗೆ ಮುಟ್ಟಿಸಿದರು. ಸ್ಕ್ಯಾನರ್ ಹಾಕಿದಾಗ ಪಿ0087 ಎಂಬ ಕೋಡ್ ಬಂತು. ಇದು ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೈಲು ಎಂಬ ಕೊಳವೆಯಲ್ಲಿ ಇಂಧನದ ಒತ್ತಡ ಇರಬೇಕಾದಷ್ಟು ಇಲ್ಲ ಎಂಬುದರ ಸೂಚನೆ. ಪಂಪಿನ ಮೇಲಿದ್ದು ಒಳಹೋಗುವ ಡೀಸೆಲಿನ ಪ್ರಮಾಣವನ್ನು ನಿಯಂತ್ರಿಸುವ ಮೀಟರಿಂಗ್ ಯೂನಿಟ್ ಬಿಚ್ಚಿದಾಗ ಅದರ ಜಾಲರಿಯಲ್ಲಿ ಬೆಳ್ಳಿಯ ಪುಡಿಯಂತೆ ಹೊಳೆಯುವ ಲೋಹದ ಕಣಗಳು ಸಿಕ್ಕವು.

ಈ ಕಣಗಳ ಅರ್ಥ ತಿಳಿಯದಿದ್ದರೆ ಮುಂದಿನ ಎಸ್ಟಿಮೇಟ್ ಹಗಲುದರೋಡೆಯಂತೆ ಕಾಣುತ್ತದೆ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಹಿಂದಿನ ಲಾರಿಗಳ ಪಂಪ್ ಕೆಟ್ಟರೆ ಪಂಪನ್ನಷ್ಟೇ ಬಿಚ್ಚಿ, ಎಲಿಮೆಂಟ್ ಬದಲಿಸಿ, ಟೆಸ್ಟ್ ಬೆಂಚಿಗೆ ಹಾಕಿ ಕೊಡುತ್ತಿದ್ದೆವು. ಕಾಮನ್ ರೈಲ್ ಬಂದ ಮೇಲೆ ಹಾಗಿಲ್ಲ. ಪಂಪ್ ಡೀಸೆಲನ್ನು 1,600 ಬಾರ್‌ಗೂ ಮಿಕ್ಕಿದ ಒತ್ತಡಕ್ಕೆ ಏರಿಸಿ ಒಂದು ಉಕ್ಕಿನ ಕೊಳವೆಗೆ ತುಂಬುತ್ತದೆ, ಆ ಕೊಳವೆಯೇ ರೈಲು. ಅಲ್ಲಿಂದ ಪ್ರತಿ ಇಂಜೆಕ್ಟರೂ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಹೇಳಿದ ಗಳಿಗೆಗೆ, ಹೇಳಿದಷ್ಟೇ ಡೀಸೆಲನ್ನು ಸಿಂಪಡಿಸುತ್ತದೆ. ಪಂಪಿನೊಳಗೆ ಡೀಸೆಲನ್ನು ಒತ್ತುವ ದಂಡವಾದ ಪ್ಲಂಜರಿಗೂ ಅದರ ಸಿಲಿಂಡರಿಗೂ ನಡುವೆ ಇರುವ ಅಂತರ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ). ಈ ಲಾರಿಯಲ್ಲಿದ್ದ ಬಗೆಯ ಪಂಪಿಗೆ ಬೇರೆ ಎಣ್ಣೆಯಿಲ್ಲ, ಹರಿಯುವ ಡೀಸೆಲ್ಲೇ ಅದರ ಜಿಡ್ಡು. ಡೀಸೆಲಿನಲ್ಲಿ ನೀರಿದ್ದರೆ, ಸೀಮೆಎಣ್ಣೆ ಬೆರೆತಿದ್ದರೆ, ಟ್ಯಾಂಕ್ ಪದೇಪದೇ ಖಾಲಿಯಾಗಿ ಗಾಳಿ ಎಳೆದರೆ, ಅಥವಾ ಪಂಪಿನ ಭಾಗವೇ ತಯಾರಿಕೆಯಲ್ಲಿ ಕೊಂಚ ತಪ್ಪಿದ್ದರೆ, ನಾಲ್ಕೂ ಸಂದರ್ಭದಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ಹಾಗೆ ಉದುರಿದ ಪುಡಿ ಮುಂದೆ ರೈಲಿಗೂ ಇಂಜೆಕ್ಟರಿಗೂ ಹೋಗುತ್ತದೆ, ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೂ ಬರುತ್ತದೆ. ಆಮೇಲೆ ಪಂಪನ್ನು ಮಾತ್ರ ಬದಲಿಸಿದರೆ ಹೊಸ ಪಂಪಿಗೂ ಅದೇ ಪುಡಿಯನ್ನು ಕುಡಿಸಿದಂತಾಗುತ್ತದೆ.

ಹೀಗಾಗಿ ಸರ್ವಿಸ್ ಸೆಂಟರ್ ಕೊಟ್ಟ ಎಸ್ಟಿಮೇಟಿನಲ್ಲಿ ಪಂಪಿಗೆ 82,000, ನಾಲ್ಕು ಇಂಜೆಕ್ಟರಿಗೆ 1,08,000, ರೈಲು ಮತ್ತು ಪೈಪುಗಳಿಗೆ 46,000, ಟ್ಯಾಂಕ್ ತೊಳೆಯುವುದು, ಫಿಲ್ಟರ್, ಮಜೂರಿ ಸೇರಿ 24,000, ಒಟ್ಟು 2,60,000 ರೂಪಾಯಿ ಇತ್ತು. ತಾಂತ್ರಿಕವಾಗಿ ಆ ಪಟ್ಟಿಯಲ್ಲಿ ತಪ್ಪಿರಲಿಲ್ಲ. ಯಾರು ಕಟ್ಟಬೇಕು ಎಂಬುದೊಂದೇ ಪ್ರಶ್ನೆಯಾಗಿತ್ತು. ಸೂಪರ್‌ವೈಸರ್ ಬಾಯಿಮಾತಿನಲ್ಲೇ "ಡೀಸೆಲ್ ಕಲಬೆರಕೆ, ವಾರಂಟಿ ಬರಲ್ಲ" ಎಂದರು. ಮಾಲೀಕರು ನನಗೆ ಫೋನ್ ಮಾಡಿದ್ದು ಆಗ. ಅಷ್ಟರಲ್ಲಿ ದೂರು ಮತ್ತು ಕೆಲಸವನ್ನು ಬರೆದುಕೊಳ್ಳುವ ಜಾಬ್ ಕಾರ್ಡಿಗೆ ಸಹಿ ಹಾಕಿಯಾಗಿತ್ತು. ಎಸ್ಟಿಮೇಟಿಗೆ ಇನ್ನೂ ಹಾಕಿರಲಿಲ್ಲ.

ಮೊದಲ ನಿರ್ಧಾರ: ಬಿಚ್ಚಲು ಬಿಡಬಾರದು

ಗಾಡಿ ನಿಂತಷ್ಟು ದಿನವೂ ನಷ್ಟ, ಕಂತು ನಿಲ್ಲುವುದಿಲ್ಲ. ಆದ್ದರಿಂದ ಎಲ್ಲ ಮಾಲೀಕರೂ ಮೊದಲು ಯೋಚಿಸುವುದು "ದುಡ್ಡು ಕಟ್ಟಿ ಬಿಡಿಸಿಕೊಳ್ಳೋಣ, ಜಗಳ ಆಮೇಲೆ ನೋಡೋಣ" ಎಂದೇ. ಇವರೂ ಹಾಗೇ ಅಂದುಕೊಂಡಿದ್ದರು. ಎಸ್ಟಿಮೇಟಿಗೆ ಸಹಿ ಮಾಡಿದ ಗಳಿಗೆಯಿಂದ ಪಂಪ್ ಬಿಚ್ಚಲಾಗುತ್ತದೆ, ಟ್ಯಾಂಕ್ ತೊಳೆಯಲಾಗುತ್ತದೆ, ಹಳೆಯ ಫಿಲ್ಟರ್ ಕಸದ ಡಬ್ಬಿಗೆ ಹೋಗುತ್ತದೆ. ಡೀಸೆಲ್ ಕೆಟ್ಟಿತ್ತೋ ಪಂಪೇ ಕೆಟ್ಟಿತ್ತೋ ಎಂದು ಹೇಳಬಲ್ಲ ವಸ್ತುಗಳು ಅಲ್ಲಿಗೆ ಮುಗಿದವು. ಆಮೇಲೆ ಉಳಿಯುವುದು ಸರ್ವಿಸ್ ಸೆಂಟರಿನವರ ಒಂದು ಸಾಲಿನ ಟಿಪ್ಪಣಿ ಮಾತ್ರ. ಆದ್ದರಿಂದ ಎಸ್ಟಿಮೇಟಿಗೆ ಸಹಿ ಮಾಡಬೇಡಿ, ಗಾಡಿ ಇನ್ನು ನಾಲ್ಕು ದಿನ ನಿಂತರೂ ನಿಲ್ಲಲಿ ಎಂದು ಕೇಳಿಕೊಂಡೆ. ಅವರಿಗೆ ಅದು ಬಹಳ ಕಷ್ಟದ ಮಾತಾಗಿತ್ತು. ಆ ರಾತ್ರಿ ಎರಡು ಬಾರಿ ಫೋನ್ ಮಾಡಿ "ಸಾರ್, ನಿಜವಾಗ್ಲೂ ಕಾಯಬೇಕಾ?" ಎಂದು ಕೇಳಿದರು. ಈ ಪ್ರಕರಣದಲ್ಲಿ ಮುಂದೆ ಏನೇನು ಸಾಧ್ಯವಾಯಿತೋ ಅಷ್ಟೂ ಅವರು ಆ ನಾಲ್ಕು ದಿನ ಕಾದಿದ್ದರಿಂದ ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ.

ಮರುದಿನ ಸರ್ವಿಸ್ ಸೆಂಟರಿಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಒಂದೇ ಇಮೇಲ್ ಕಳಿಸಿದೆವು. ವಾರಂಟಿ ನಿರಾಕರಿಸುವುದಾದರೆ ವಾರಂಟಿ ಕಿರುಹೊತ್ತಗೆಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ತಿಳಿಸಬೇಕು, ಸ್ಕ್ಯಾನರಿನಲ್ಲಿ ಬಂದ ಕೋಡುಗಳನ್ನೂ ಅವು ದಾಖಲಾದ ಕಿ.ಮೀ. ಸಹಿತ ಇಸಿಯು ಇತಿಹಾಸವನ್ನೂ ಮುದ್ರಿಸಿ ಕೊಡಬೇಕು, ಟ್ಯಾಂಕಿನ ಡೀಸೆಲನ್ನು ಎರಡೂ ಕಡೆಯವರ ಎದುರು ಮೂರು ಡಬ್ಬಿಗಳಲ್ಲಿ ತೆಗೆದು ಮೊಹರು ಹಾಕಬೇಕು, ಪಂಪ್ ಮತ್ತು ಫಿಲ್ಟರನ್ನು ಚೀಟಿ ಅಂಟಿಸಿ ಕಾಪಾಡಬೇಕು ಎಂದು ಅದರಲ್ಲಿ ಬರೆದೆವು. ಬೈಗುಳ ಇರಲಿಲ್ಲ, ಬೆದರಿಕೆ ಇರಲಿಲ್ಲ. ಇಂಥ ಪತ್ರವನ್ನು ಸರ್ವಿಸ್ ಸೆಂಟರಿನ ಮ್ಯಾನೇಜರ್ ತನ್ನ ಮೇಲಿನವರಿಗೆ ಕಳಿಸಲೇಬೇಕಾಗುತ್ತದೆ. ಕೂಗಾಡಿದರೆ ಆ ಕೂಗು ಅವರ ಕೌಂಟರಿನಲ್ಲೇ ಮುಗಿಯುತ್ತದೆ.

ಮೂರನೇ ದಿನ ಉತ್ತರ ಬಂತು. ನಿರಾಕರಣೆಗೆ ಮೂರು ಕಾರಣ ಕೊಟ್ಟಿದ್ದರು. ಇಂಧನದ ಕಲಬೆರಕೆಯಿಂದಾದ ಹಾನಿ ವಾರಂಟಿಗೆ ಸೇರುವುದಿಲ್ಲ. ಎರಡನೇ ಸರ್ವಿಸ್ ತಡವಾಗಿ ಆಗಿದೆ. ಮಾಲೀಕತ್ವ ಬದಲಾದದ್ದನ್ನು ಕಂಪನಿಗೆ ತಿಳಿಸಿಲ್ಲ. ಡೀಸೆಲ್ ಮಾದರಿ ತೆಗೆಯಲು ಒಪ್ಪಿದ್ದರು. ಕಿರುಹೊತ್ತಗೆಯ ಪ್ರತಿಯನ್ನು ತರಿಸಿಕೊಂಡು ಓದಿದಾಗ ನಾಲ್ಕನೆಯ ತೊಡಕೂ ಕಂಡಿತು. ಟಯರು, ಬ್ಯಾಟರಿ, ಇಂಧನ ಪಂಪ್ ಮೊದಲಾದ, ತಾನೇ ತಯಾರಿಸದ ಭಾಗಗಳ ವಿಷಯದಲ್ಲಿ ಆಯಾ ತಯಾರಕರು ಕೊಡುವ ವಾರಂಟಿಯ ಲಾಭವನ್ನು ಸಾಧ್ಯವಾದ ಮಟ್ಟಿಗೆ ಗ್ರಾಹಕರಿಗೆ ದಾಟಿಸಲಾಗುವುದು ಎಂದಷ್ಟೇ ಅಲ್ಲಿತ್ತು. ಲಾರಿಗಳ ವಾರಂಟಿಯಲ್ಲಿ ಇಂಥ ಸಾಲು ಸಾಮಾನ್ಯ. "ಮೂರು ವರ್ಷ ವಾರಂಟಿ" ಎಂದು ದೊಡ್ಡ ಅಕ್ಷರದಲ್ಲಿ ಓದಿದವರು ಎಂಜಿನ್ನಿನ ಭಾಗಗಳಿಗೂ ಎಂಜಿನ್ನಿಗೆ ಜೋಡಿಸಿದ ಹೊರಗಿನವರ ಭಾಗಗಳಿಗೂ ಇರುವ ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಕಂಪನಿ ತನ್ನ ಪತ್ರದಲ್ಲಿ ಈ ಷರತ್ತನ್ನು ಎತ್ತಿರಲಿಲ್ಲ. ನಾವೂ ಎತ್ತಲಿಲ್ಲ.

ಡೀಸೆಲ್ ಏನು ಹೇಳಿತು

ಕ್ಲೀನರ್ ಹಿಡಿದಿಟ್ಟ ಬಾಟಲಿಯನ್ನು ಮಾಲೀಕರು ದೊಡ್ಡ ಸಾಕ್ಷ್ಯವೆಂದು ಭಾವಿಸಿದ್ದರು. ಅದನ್ನು ಬೆಳಕಿಗೆ ಹಿಡಿದು ನೋಡಿದೆ. ತಳದಲ್ಲಿ ನೀರು ಬೇರ್ಪಟ್ಟು ನಿಂತಿರಲಿಲ್ಲ, ಕಣ್ಣಿಗೆ ಕಾಣುವಂತೆ ಹೊಳೆಯುವ ಪುಡಿ ಇತ್ತು. ಆದರೆ ಮೊಹರಿಲ್ಲದ, ಎದುರು ಕಡೆಯ ಸಾಕ್ಷಿಯಿಲ್ಲದ, ಮೊದಲು ಕುಡಿಯುವ ನೀರಿದ್ದ ಬಾಟಲಿಯನ್ನು ಯಾವ ವೇದಿಕೆಯಲ್ಲೂ ಪುರಾವೆಯಾಗಿ ನಿಲ್ಲಿಸಲಾಗದು ಎಂದು ಅವರಿಗೆ ಹೇಳಬೇಕಾಯಿತು. ಹುಡುಗನ ಮುಖ ಬಾಡಿತು. ಆದರೂ ಆ ಬಾಟಲಿ ನನಗೆ ಒಂದು ಉಪಕಾರ ಮಾಡಿತು: ನೀರಿನಿಂದ ಕೆಟ್ಟ ಪಂಪಲ್ಲ ಇದು ಎಂಬ ಅನುಮಾನ ಹುಟ್ಟಿಸಿತು, ಪ್ರಯೋಗಾಲಯದ ಖರ್ಚು ಮಾಡುವ ಧೈರ್ಯ ಕೊಟ್ಟಿತು.

ಟ್ಯಾಂಕಿನಲ್ಲಿ ಸುಮಾರು 140 ಲೀಟರ್ ಡೀಸೆಲ್ ಉಳಿದಿತ್ತು. ತಳದಿಂದ ತೆಗೆದ ಮಾದರಿಗಳಲ್ಲಿ ಒಂದು ನಮಗೆ, ಒಂದು ಕಂಪನಿಗೆ, ಒಂದು ಸರ್ವಿಸ್ ಸೆಂಟರಿನ ಬೀರುವಿಗೆ ಹೋಯಿತು. ನಮ್ಮದನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕೊಟ್ಟು, ಡೀಸೆಲಿನ ಭಾರತೀಯ ಮಾನಕವಾದ ಐಎಸ್ 1460ರ ಎಲ್ಲ ಪರೀಕ್ಷೆಗಳನ್ನೂ ಕೇಳದೆ, ಈ ವಿವಾದಕ್ಕೆ ಸಂಬಂಧಿಸಿದ ಮೂರನ್ನು ಮಾತ್ರ ಕೇಳಿದೆವು. ನೀರಿನ ಅಂಶ ಕಿಲೋಗೆ 92 ಮಿಲಿಗ್ರಾಂ ಬಂತು, ಮಿತಿ 200. ಜಿಡ್ಡಿನ ಗುಣವನ್ನು ಅಳೆಯುವ ಉಜ್ಜು ಪರೀಕ್ಷೆಯಲ್ಲಿ ಸವೆತದ ಗುರುತು 412 ಮೈಕ್ರಾನ್ ಬಂತು, ಮಿತಿ 460. ಗಂಧಕ ಕಿಲೋಗೆ 8 ಮಿಲಿಗ್ರಾಂ ಬಂತು, ಬಿಎಸ್-6 ಡೀಸೆಲಿಗೆ ಮಿತಿ 10.

ಈ ಮೂರರಲ್ಲಿ ಗಂಧಕದ ಅಂಕಿಯೇ ನನಗೆ ಮುಖ್ಯವಾಗಿ ಕಂಡಿತು. ಡೀಸೆಲಿನಿಂದ ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಅದರ ಸಹಜ ಜಿಡ್ಡಿನ ಗುಣವೂ ಕಡಿಮೆಯಾಗುತ್ತದೆ, ಅದನ್ನು ಬೇರೆ ದ್ರವ್ಯ ಬೆರೆಸಿ ಸರಿದೂಗಿಸುತ್ತಾರೆ. ಸೀಮೆಎಣ್ಣೆ ಬೆರೆಸಿದರೆ ಜಿಡ್ಡು ಮತ್ತಷ್ಟು ಇಳಿಯುತ್ತದೆ, ಅದೇ ಹೊತ್ತಿಗೆ ಗಂಧಕ ಏರುತ್ತದೆ, ಏಕೆಂದರೆ ಪಡಿತರದ ಸೀಮೆಎಣ್ಣೆಯಲ್ಲಿ ಗಂಧಕ ಬಿಎಸ್-6 ಡೀಸೆಲಿಗಿಂತ ಎಷ್ಟೋ ಪಟ್ಟು ಹೆಚ್ಚು ಇರಬಹುದು. ಗಂಧಕ 8 ಎಂದರೆ ಈ ಟ್ಯಾಂಕಿನ ಡೀಸೆಲಿಗೆ ಅಂಥ ಸೀಮೆಎಣ್ಣೆ ಗಣನೀಯವಾಗಿ ಬೆರೆತಿಲ್ಲ ಎಂದು ಧೈರ್ಯವಾಗಿ ಹೇಳಬಹುದು. "ಕಲಬೆರಕೆ" ಎಂಬ ಪದವನ್ನು ಇಂಥ ಒಂದೊಂದೇ ಪ್ರಶ್ನೆಯಾಗಿ ಒಡೆದು ಕೇಳಿದಾಗ ಮಾತ್ರ ಅದಕ್ಕೆ ಉತ್ತರ ಸಿಗುತ್ತದೆ.

ಕಂಪನಿಯ ಪ್ರತಿವಾದ ದುರ್ಬಲವಾಗಿರಲಿಲ್ಲ. ಟ್ಯಾಂಕಿನಲ್ಲಿರುವುದು ಕೊನೆಯ ಒಂದೆರಡು ಭರ್ತಿಯ ಡೀಸೆಲ್, ಅದಕ್ಕಿಂತ ಹಿಂದೆ, ಮಳೆಗಾಲದಲ್ಲಿ, ನೀರು ಹೊಕ್ಕಿರಬಹುದಲ್ಲ ಎಂದರು. ಮಾಲೀಕರು ಹೆಚ್ಚಾಗಿ ಎರಡೇ ಬಂಕುಗಳಲ್ಲಿ ಡೀಸೆಲ್ ಹಾಕಿಸುತ್ತಿದ್ದರು, ಫೋನಿನಿಂದ ಪಾವತಿಸಿದ್ದರಿಂದ ನಾಲ್ಕು ತಿಂಗಳ ಲೆಕ್ಕ ದಿನಾಂಕ ಸಹಿತ ಸಿಕ್ಕಿತು. ಬಂಕುಗಳಲ್ಲಿ ನೀರು ಪತ್ತೆ ಹಚ್ಚುವ ಪೇಸ್ಟ್ ಸವರಿದ ಅಳತೆಗೋಲನ್ನು ನೆಲದಡಿಯ ಟ್ಯಾಂಕಿಗೆ ಇಳಿಸಿ ನೋಡುವ, ಸಾಂದ್ರತೆಯನ್ನು ದಿನವೂ ಬರೆದಿಡುವ ಪದ್ಧತಿ ಇದೆ. ಆ ಪುಸ್ತಕದ ನಕಲು ಕೇಳಿದಾಗ ಇಬ್ಬರೂ ಕೊಡಲಿಲ್ಲ. ಆ ಪ್ರಯತ್ನ ಅಲ್ಲಿಗೇ ನಿಂತಿತು.

ನೆರವಿಗೆ ಬಂದದ್ದು ಇಸಿಯು ಇತಿಹಾಸ. ವಾಟರ್ ಸೆಪರೇಟರಿನಲ್ಲಿ ನೀರು ಒಂದು ಮಟ್ಟಕ್ಕೆ ಏರಿದರೆ ಸೆನ್ಸರ್ ಎಚ್ಚರಿಕೆ ಕೊಟ್ಟು, ಅದು ದಾಖಲಾಗುತ್ತದೆ. ಇವರು ಓಡಿಸಿದ 19,600 ಕಿ.ಮೀ.ಗಳಲ್ಲಿ ಅಂಥ ಒಂದು ದಾಖಲೆಯೂ ಇರಲಿಲ್ಲ. ಆ ಸೆನ್ಸರ್ ಬೇರ್ಪಟ್ಟು ನಿಂತ ನೀರನ್ನು ಮಾತ್ರ ಗುರುತಿಸುತ್ತದೆ, ಡೀಸೆಲಿನಲ್ಲಿ ಕರಗಿದ ತೇವವನ್ನು ಗುರುತಿಸುವುದಿಲ್ಲ ಎಂಬುದನ್ನು ನಮ್ಮ ಪತ್ರದಲ್ಲಿ ನಾವೇ ಒಪ್ಪಿಕೊಂಡೆವು. ನಮ್ಮ ವಾದದ ಮಿತಿಯನ್ನು ನಾವೇ ಹೇಳಿದ್ದರಿಂದ ಕಂಪನಿಯ ಎಂಜಿನಿಯರು ಮುಂದಿನ ಮಾತುಕತೆಯಲ್ಲಿ ನಮ್ಮ ಉಳಿದ ಅಂಕಿಗಳನ್ನು ಗಂಭೀರವಾಗಿ ತೆಗೆದುಕೊಂಡರು ಎಂದು ನನಗನಿಸಿತು.

ಹಳೆಯ ಜಾಬ್ ಕಾರ್ಡ್

ಇಲ್ಲಿಯವರೆಗೆ ನಾವು ಮಾಡಿದ್ದು ಆರೋಪದಿಂದ ತಪ್ಪಿಸಿಕೊಳ್ಳುವ ಕೆಲಸ. ಪಂಪಿನಲ್ಲೇ ದೋಷವಿತ್ತು ಎನ್ನಲು ನಮ್ಮ ಬಳಿ ಏನೂ ಇರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ದಾಖಲಿಸಿದೆವು, ಅದಕ್ಕೆ ಕಂಪನಿ ಹಿಂದಿನ ಪತ್ರವನ್ನೇ ಮತ್ತೆ ಕಳಿಸಿತು. ಹತ್ತನೇ ದಿನ ಕಂಪನಿ ಬಾಯಿಮಾತಿನಲ್ಲಿ ಪಂಪಿನ ಬೆಲೆಯಲ್ಲಿ ಶೇ. 40ರಷ್ಟು, ಅಂದರೆ 32,800 ರೂಪಾಯಿ ಬಿಟ್ಟುಕೊಡಲು ಮುಂದೆ ಬಂತು. ಕಂತಿನ ದಿನ ಹತ್ತಿರವಿತ್ತು. ಮಾಲೀಕರು ಒಪ್ಪಿಬಿಡುವ ಮನಸ್ಸಿನಲ್ಲಿದ್ದರು.

ಆಗ ನನಗೆ ಹೊಳೆದದ್ದು, ಬಹಳ ಮೊದಲೇ ಹೊಳೆಯಬೇಕಿದ್ದ ಒಂದು ಸಂಗತಿ. "ಎರಡನೇ ಸರ್ವಿಸ್ ತಡ" ಎಂದು ಕಂಪನಿ ಹೇಳಿದೆಯೆಂದರೆ ಮೊದಲ ಮಾಲೀಕರ ಕಾಲದ ಸರ್ವಿಸ್ ಚರಿತ್ರೆ ಅವರ ಕಂಪ್ಯೂಟರಿನಲ್ಲಿದೆ. ಪುಸ್ತಕ ಕಳೆದಿದ್ದರೂ ಚಾಸಿಸ್ ನಂಬರಿನ ಮೇಲೆ ಎಲ್ಲವೂ ಇರುತ್ತದೆ. ನಮ್ಮ ಮೇಲೆ ಬಳಸಿದ ದಾಖಲೆಯನ್ನು ನಾವೂ ನೋಡಬೇಕು ಎಂದು, ಆರ್‌ಸಿ ನಕಲು ಲಗತ್ತಿಸಿ, ಈಗಿನ ಮಾಲೀಕರ ಹೆಸರಿನಲ್ಲಿ ಪೂರ್ತಿ ಚರಿತ್ರೆ ಕೇಳಿದೆವು. ಸರ್ವಿಸ್ ಸೆಂಟರ್ ಮೊದಲು ಕೊಡಲಿಲ್ಲ, ಪ್ರಾದೇಶಿಕ ಕಚೇರಿಗೆ ಬರೆದ ಮೇಲೆ ನಾಲ್ಕು ಪುಟ ಬಂತು.

ಮೊದಲ ಸರ್ವಿಸ್ 40,200 ಕಿ.ಮೀ.ಗೆ ಆಗಿತ್ತು. ಎರಡನೆಯದು 80,000ಕ್ಕೆ ಆಗಬೇಕಾದದ್ದು 86,300ಕ್ಕೆ ಆಗಿತ್ತು, ಕಂಪನಿಯ ಮಾತು ನಿಜ. ಮೂರನೆಯದು 1,19,800ಕ್ಕೆ, ಸಮಯಕ್ಕೆ ಸರಿಯಾಗಿ. ಆ ಮೂರನೇ ಜಾಬ್ ಕಾರ್ಡಿನಲ್ಲಿ ಗ್ರಾಹಕರ ದೂರಿನ ಜಾಗದಲ್ಲಿ "ಪಿಕಪ್ ಕಡಿಮೆ, ಬೆಳಿಗ್ಗೆ ಸ್ಟಾರ್ಟ್ ತಡ" ಎಂದಿತ್ತು. ಕೈಗೊಂಡ ಕೆಲಸದ ಜಾಗದಲ್ಲಿ ಡೀಸೆಲ್ ಫಿಲ್ಟರ್ ಬದಲಾವಣೆ ಮತ್ತು ಪಂಪಿನ ಮೀಟರಿಂಗ್ ಯೂನಿಟ್ ಬದಲಾವಣೆ ಎಂದಿತ್ತು. ಮೀಟರಿಂಗ್ ಯೂನಿಟಿನ ಎದುರು "ವಾರಂಟಿ" ಎಂದು ನಮೂದಾಗಿತ್ತು. ಇಂಧನದ ಕಲಬೆರಕೆಯ ಬಗ್ಗೆ ಒಂದು ಪದವೂ ಇರಲಿಲ್ಲ.

ಪ್ರಕರಣ ತಿರುಗಿದ್ದು ಈ ಹಾಳೆಯಲ್ಲಿ. ಇದೇ ಪಂಪಿನ ಬಗ್ಗೆ, ಇದೇ ಲಕ್ಷಣಗಳ ದೂರು, ಇವರು ಗಾಡಿ ಕೊಳ್ಳುವುದಕ್ಕೆ ಮೊದಲೇ, ಕಂಪನಿಯ ಅಧಿಕೃತ ಕಾರ್ಯಾಗಾರಕ್ಕೆ ಬಂದಿತ್ತು. ಅಂದು ಕಂಪನಿ ಅದನ್ನು ವಾರಂಟಿಯ ದೋಷವೆಂದು ಒಪ್ಪಿ ಒಂದು ಭಾಗವನ್ನು ಬದಲಿಸಿತ್ತು. ಮೀಟರಿಂಗ್ ಯೂನಿಟ್ ಏಕೆ ಕೆಟ್ಟಿತು, ಜಾಲರಿಯಲ್ಲಿ ಪುಡಿ ಇತ್ತೇ, ಪಂಪ್ ಸವೆಯಲು ಶುರುವಾಗಿದೆಯೇ ಎಂದು ನೋಡಿದ ಯಾವ ಗುರುತೂ ಆ ಕಾರ್ಡಿನಲ್ಲಿ ಇರಲಿಲ್ಲ. ನನ್ನ ಅನುಭವದಲ್ಲಿ ಮೀಟರಿಂಗ್ ಯೂನಿಟ್ ಅಂಟಿಕೊಳ್ಳಲು ಸಾಮಾನ್ಯ ಕಾರಣಗಳಲ್ಲಿ ಒಂದು ಪಂಪಿನೊಳಗಿನಿಂದಲೇ ಬಂದ ಸಣ್ಣ ಪುಡಿ. ಅಂದೇ ಪಂಪ್ ಬಿಚ್ಚಿದ್ದರೆ ಇಂಜೆಕ್ಟರುಗಳಾದರೂ ಉಳಿಯುತ್ತಿದ್ದವೇನೋ. ಇದನ್ನು ಖಚಿತವಾಗಿ ಹೇಳಲಾರೆ, ಪತ್ರದಲ್ಲೂ ಹೇಳಲಿಲ್ಲ. ಅಂದು ದೋಷವೆಂದು ಒಪ್ಪಿದ್ದನ್ನು ಇಂದು ಕಲಬೆರಕೆಯೆಂದು ಕರೆಯಲು ಆಧಾರವೇನು ಎಂದಷ್ಟೇ ಕೇಳಿದೆವು. ತಡವಾದ ಎರಡನೇ ಸರ್ವಿಸಿನ ನಂತರವೂ ಕಂಪನಿ ವಾರಂಟಿ ಮುಂದುವರಿಸಿದ್ದರಿಂದ ಆ ಆಕ್ಷೇಪಕ್ಕೂ ಇದೇ ಕಾರ್ಡು ಉತ್ತರವಾಯಿತು.

ಉಳಿದದ್ದು ಮಾಲೀಕತ್ವದ ಬದಲಾವಣೆ ತಿಳಿಸದ ಲೋಪ. ಅದು ನಮ್ಮ ಕಡೆಯ ನಿಜವಾದ ತಪ್ಪು. ಉಳಿದ ಅವಧಿಯ ವಾರಂಟಿ ಮುಂದಿನ ಮಾಲೀಕರಿಗೆ ಸಲ್ಲುತ್ತದೆ, ಬದಲಾವಣೆಯನ್ನು ತಿಳಿಸಬೇಕು ಎಂದು ಕಿರುಹೊತ್ತಗೆಯಲ್ಲಿತ್ತು. ತಿಳಿಸದಿದ್ದರೆ ವಾರಂಟಿ ರದ್ದು ಎಂದು ಎಲ್ಲಿಯೂ ಬರೆದಿರಲಿಲ್ಲ. ತಡವಾಗಿಯಾದರೂ ಆರ್‌ಸಿ ಲಗತ್ತಿಸಿ ತಿಳಿಸಿದ್ದೇವೆ ಎಂದು ಒಪ್ಪಿಕೊಂಡು, ಆ ಲೋಪಕ್ಕೂ ಪಂಪ್ ಸವೆದದ್ದಕ್ಕೂ ಸಂಬಂಧವಿಲ್ಲ ಎಂದು ಬರೆದೆವು.

ಒಪ್ಪಂದ, ಮತ್ತು ಒಪ್ಪದಿದ್ದರೆ ಏನಾಗುತ್ತಿತ್ತು

ಇಪ್ಪತ್ತೊಂದನೇ ದಿನ ಬಂದ ಪ್ರಸ್ತಾಪದಲ್ಲಿ ಪಂಪ್ ಮತ್ತು ನಾಲ್ಕು ಇಂಜೆಕ್ಟರುಗಳ ಬೆಲೆಯಲ್ಲಿ ಶೇ. 75ನ್ನು, ಅಂದರೆ 1,42,500 ರೂಪಾಯಿಯನ್ನು ಕಂಪನಿ ಭರಿಸುವುದಾಗಿಯೂ, ಉಳಿದ 1,17,500 ರೂಪಾಯಿಯನ್ನು ಮಾಲೀಕರು ಕೊಡಬೇಕೆಂದೂ ಇತ್ತು. ಇದನ್ನು ವಾರಂಟಿ ಎಂದು ಕರೆಯದೆ "ಸೌಹಾರ್ದದ ನೆರವು" ಎಂದಿದ್ದರು. ಜೊತೆಗೆ, ಮುಂದೆ ಯಾವ ಹಕ್ಕೂ ಕೇಳುವುದಿಲ್ಲ ಎಂಬ ಪತ್ರಕ್ಕೆ ಸಹಿ ಬೇಕಿತ್ತು.

ಪೂರ್ತಿ ಹಣಕ್ಕಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. ಒಬ್ಬ ವಕೀಲರನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ, ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವವರನ್ನು ಆ ಹೊರಗಿಡುವಿಕೆಯಿಂದ ಬಿಡುತ್ತದೆ. ತಾನೇ ಓಡಿಸುವವನು ನೆರವಿಗೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಗ್ರಾಹಕನಲ್ಲದೆ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಹೇಳಿದೆ. ಒಂದೇ ಲಾರಿ, ಸ್ವಂತ ಚಾಲನೆ, ಅಕ್ಕನ ಮಗ ಕ್ಲೀನರ್: ಇವರ ಸ್ಥಿತಿ ಅದಕ್ಕೆ ಹೊಂದುತ್ತಿತ್ತು. ಎರಡನೇ ಲಾರಿ ಕೊಂಡು ಸಂಬಳದ ಡ್ರೈವರನ್ನು ಇಟ್ಟಿದ್ದರೆ ಈ ಬಾಗಿಲು ಬಹಳ ಇಕ್ಕಟ್ಟಾಗುತ್ತಿತ್ತು. ಗಾಡಿ ನಿಂತದ್ದು ಆಂಧ್ರದಲ್ಲಾದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, ಕಾಲಮಿತಿ ಎರಡು ವರ್ಷ, 13.5 ಲಕ್ಷಕ್ಕೆ ಕೊಂಡ ವಸ್ತುವಿಗೆ ಶುಲ್ಕ 400 ರೂಪಾಯಿ. ದೋಷ ಪತ್ತೆಗೆ ಪರೀಕ್ಷೆ ಬೇಕೆನಿಸಿದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಇವೆಲ್ಲ ನಮ್ಮ ಪರವಾಗಿದ್ದವು.

ವಿರುದ್ಧವಾಗಿದ್ದದ್ದು, ಆ ಪರೀಕ್ಷೆ ಆಗುವವರೆಗೆ ಪಂಪನ್ನು ಹಾಗೇ ಇಟ್ಟು, ಬದಲಿ ಭಾಗಗಳನ್ನು 2.60 ಲಕ್ಷ ಕೊಟ್ಟು ಕೊಂಡು ಗಾಡಿ ಓಡಿಸಬೇಕಿತ್ತು. ಅಷ್ಟು ಹಣ ಅವರಲ್ಲಿ ಇರಲಿಲ್ಲ. ಗಾಡಿ ನಿಂತ ದಿನಗಳ ದುಡಿಮೆಯ ನಷ್ಟವನ್ನು ಇದೇ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಡಿ ಕೇಳೋಣವೇ ಎಂದರೆ, ಅಲ್ಲಿ "ಹಾನಿ" ಎಂಬುದರ ಅರ್ಥದಿಂದ ಉತ್ಪನ್ನಕ್ಕೇ ಆದ ಹಾನಿಯನ್ನೂ ವಾಣಿಜ್ಯ ನಷ್ಟವನ್ನೂ ಹೊರಗಿಟ್ಟಿದ್ದಾರೆ. ಪಂಪ್ ತಯಾರಕರ ಷರತ್ತಿನ ಆ ನಾಲ್ಕನೇ ತೊಡಕು ಕೂಡ ಆಯೋಗದ ಮುಂದೆ ಹೊರಬರುವುದು ಖಂಡಿತ.

ನಾನು ಒಪ್ಪಿಕೊಳ್ಳಿ ಎಂದೆ. ವಕೀಲರು ಹೋರಾಡಬಹುದು ಎಂದರು. ಮಾಲೀಕರು ಹೆಂಡತಿಯ ಜೊತೆ ಒಂದು ದಿನ ಮಾತಾಡಿ ಒಪ್ಪಿದರು, ಆದರೆ ಎರಡು ತಿದ್ದುಪಡಿ ಕೇಳಿ ಪಡೆದರು. ಹಕ್ಕು ಬಿಡುವ ಪತ್ರ ಕಂಪನಿಗೆ ಮಾತ್ರ ಅನ್ವಯಿಸುತ್ತದೆ, ಯಾರ್ಡಿಗೆ ಅಲ್ಲ ಎಂಬುದು ಒಂದು. ಬದಲಿಸಿದ ಭಾಗಗಳಿಗೆ ಕಿ.ಮೀ. ಮಿತಿಯಿಲ್ಲದೆ ಒಂದು ವರ್ಷ ವಾರಂಟಿಯನ್ನು ಬಿಲ್ಲಿನಲ್ಲೇ ಬರೆಯಬೇಕೆಂಬುದು ಇನ್ನೊಂದು. ಎರಡನೆಯದು ನನಗೆ ಹೊಳೆದಿರಲಿಲ್ಲ, ಅದು ಅವರದೇ ಯೋಚನೆ. ಮೂಲ ವಾರಂಟಿ ಇನ್ನೆರಡು ತಿಂಗಳಲ್ಲಿ ಮುಗಿಯುವುದಿತ್ತಾದ್ದರಿಂದ ಆ ಒಂದು ಸಾಲಿನ ಬೆಲೆ ದೊಡ್ಡದು. ಇಪ್ಪತ್ತಾರನೇ ದಿನ ಗಾಡಿ ಹೊರಬಂತು.

ಯಾರ್ಡಿನವರ ಮೇಲೆ ಪ್ರತ್ಯೇಕವಾಗಿ ಜಿಲ್ಲಾ ಆಯೋಗದಲ್ಲಿ ದೂರು ಕೊಟ್ಟರು. "ಇದ್ದ ಹಾಗೆ" ಎಂಬ ಕರಾರಿನ ಸಾಲು ಒಂದು ಕಡೆ, ವಾರಂಟಿ ಇದೆ ಎಂದು ಬರೆದ ವಾಟ್ಸ್ಆಪ್ ಸಂದೇಶ ಇನ್ನೊಂದು ಕಡೆ. ಆಯೋಗ ಮಧ್ಯಸ್ಥಿಕೆಗೆ ಕಳಿಸಿತು, 35,000 ರೂಪಾಯಿಗೆ ರಾಜಿಯಾಯಿತು. ಮೊದಲ ಮಾಲೀಕರು ಪಿಕಪ್ ದೂರು ಕೊಟ್ಟಿದ್ದು ಯಾರ್ಡಿನವರಿಗೆ ಗೊತ್ತಿತ್ತೇ ಎಂಬುದು ಕೊನೆಗೂ ತಿಳಿಯಲಿಲ್ಲ.

ಇದಾದ ಮೇಲೆ ನಾನು ಬದಲಿಸಿಕೊಂಡದ್ದು

ಈಗ ಹಳೆಯ ಲಾರಿ ನೋಡಲು ಹೋಗುವವರಿಗೆ ಎಂಜಿನ್ ಶಬ್ದ ಕೇಳುವ ಮೊದಲು ಚಾಸಿಸ್ ನಂಬರ್ ಹಿಡಿದು ಅಧಿಕೃತ ಸರ್ವಿಸ್ ಚರಿತ್ರೆ ತರಿಸಿ ಎನ್ನುತ್ತೇನೆ. ಮಾರುವವರ ಹೆಸರಿನಲ್ಲಿ ಗಾಡಿ ಇರುವಾಗಲೇ ಅದನ್ನು ಅವರಿಂದ ತೆಗೆಸುವುದು ಸುಲಭ. ಅದರಲ್ಲಿ ಪಂಪ್, ಮೀಟರಿಂಗ್ ಯೂನಿಟ್, ಇಂಜೆಕ್ಟರ್ ಎಂಬ ಪದ ಎಲ್ಲಿಯಾದರೂ ಕಂಡರೆ, ಕೊಳ್ಳುವ ಮೊದಲು ಫಿಲ್ಟರ್ ಬಿಚ್ಚಿಸಿ ಪುಡಿ ಇದೆಯೇ ನೋಡಬೇಕು. ಹೆಸರು ಬದಲಾದ ದಿನವೇ ಆರ್‌ಸಿ ನಕಲಿನೊಂದಿಗೆ ಕಂಪನಿಗೆ ಒಂದು ಇಮೇಲ್ ಹೋಗಬೇಕು, ಅದಕ್ಕೆ ಹತ್ತು ನಿಮಿಷ ಸಾಕು. ಗಾಡಿ ದಾರಿಯಲ್ಲಿ ನಿಂತಾಗ ಮೆಕ್ಯಾನಿಕ್ ಫಿಲ್ಟರ್ ಬಿಚ್ಚುವುದನ್ನು ತಡೆಯುವುದು ಕಷ್ಟ, ರಾತ್ರಿ ಘಾಟಿಯಲ್ಲಿ ಯಾರೂ ವಾರಂಟಿಯನ್ನು ನೆನೆಯುವುದಿಲ್ಲ. ಆದರೆ ಬಿಚ್ಚುವ ಮೊದಲು ಮೀಟರ್, ಎಚ್ಚರಿಕೆ ದೀಪ, ವಾಟರ್ ಸೆಪರೇಟರ್ ಮೂರನ್ನೂ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಬಹುದು. ಈ ಪ್ರಕರಣದಲ್ಲಿ ಅಂಥ ವಿಡಿಯೊ ಇದ್ದಿದ್ದರೆ ಆ ಹುಡುಗನ ಬಾಟಲಿಗೂ ಬೆಲೆ ಬರುತ್ತಿತ್ತು.

ನನ್ನದೊಂದು ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಒಪ್ಪಂದದ ದಿನ ಹಳೆಯ ಪಂಪನ್ನು ಕಂಪನಿ ನಿಯಮದಂತೆ ವಾಪಸ್ ತೆಗೆದುಕೊಂಡಿತು. ಅದನ್ನು ಬಿಚ್ಚಿ ಪರೀಕ್ಷಿಸಿದರೆ ವರದಿಯ ಪ್ರತಿ ಮಾಲೀಕರಿಗೂ ಕೊಡಬೇಕು ಎಂಬ ಸಾಲನ್ನು ಪತ್ರದಲ್ಲಿ ಸೇರಿಸಲು ನಾನು ಮರೆತೆ. ಎರಡು ತಿಂಗಳ ನಂತರ ಕೇಳಿದಾಗ, ಪ್ರಕರಣ ಮುಗಿದಿದೆ ಎಂಬ ಉತ್ತರ ಬಂತು. ಆ ಪಂಪಿನಲ್ಲಿ ಮೊದಲು ಸವೆದದ್ದು ರೋಲರೋ ಕ್ಯಾಮೋ ಪ್ಲಂಜರೋ, ಸವೆಯಲು ಶುರುವಾದದ್ದು ಎಷ್ಟನೇ ಕಿಲೋಮೀಟರಿನಲ್ಲೋ ನಮಗೆ ತಿಳಿಯಲಿಲ್ಲ. ಈಗ ನಾನು ಬರೆಯುವ ಪ್ರತಿ ಒಪ್ಪಂದದ ಪತ್ರದಲ್ಲೂ ಆ ಸಾಲು ಇರುತ್ತದೆ. ಲಾರಿ ಅದೇ ದಾರಿಯಲ್ಲಿ ಓಡುತ್ತಿದೆ, ಹುಡುಗ ಈಗ ಲೈಸೆನ್ಸ್ ಮಾಡಿಸಿಕೊಳ್ಳುತ್ತಿದ್ದಾನೆ.